ಅಭ್ಯಾಸದ ಲೆಕ್ಕದಲ್ಲಿ ಬಂದ 9,640 ರೂಪಾಯಿ

ಕಳೆದ ಮಳೆಗಾಲದ ಒಂದು ಭಾನುವಾರ ಅಕ್ಕನ ಮಗ ಉಡುಪಿಯ ನಮ್ಮ ಮನೆಗೆ ಬಂದಿದ್ದ. ಮಣಿಪಾಲದಲ್ಲಿ ಓದುತ್ತಿದ್ದಾನೆ. ಊಟ ಮುಗಿಸಿ ಚಾವಡಿಯಲ್ಲಿ ಕೂತವನೇ ಫೋನ್ ತೆಗೆದು ನನ್ನ ಮುಂದೆ ಹಿಡಿದ. "ಮಾವ, ಎರಡು ತಿಂಗಳಲ್ಲಿ 9,640 ರೂಪಾಯಿ ಲಾಭ ಉಂಟು, ನೋಡಿ. ಹಾಕಿದ್ದು ಒಂದು ಲಕ್ಷ."

ಹಣ ನಿಜದ್ದಲ್ಲ. ಒಂದು ಲಕ್ಷ ರೂಪಾಯಿ ಇದೆ ಎಂದುಕೊಂಡು, ಆನ್‌ಲೈನ್‌ನಲ್ಲಿ ಷೇರುಗಳ ಬೆಲೆ ನೋಡುತ್ತಾ, ಕೊಂಡಂತೆ ಮಾರಿದಂತೆ ಬರೆದಿಟ್ಟ ಲೆಕ್ಕ ಅದು. ಪೇಪರ್ ಟ್ರೇಡಿಂಗ್ ಎನ್ನುತ್ತಾರೆ. ಹದಿನಾಲ್ಕು ವ್ಯವಹಾರ ಬರೆದಿದ್ದ. ಒಂದೊಂದರ ದಿನಾಂಕ, ಬೆಲೆ, ಸಂಖ್ಯೆ ಎಲ್ಲ ಅಚ್ಚುಕಟ್ಟಾಗಿತ್ತು. ಮುಂದಿನ ತಿಂಗಳು ನಿಜವಾದ ಹಣ ಹಾಕಬಹುದಾ ಎಂದು ಕೇಳಲು ಬಂದಿದ್ದ.

ಕೈಯಲ್ಲಿ ಹಣ ಹಿಡಿದು ಕಲಿಯುವುದಕ್ಕಿಂತ ಹೀಗೆ ಬರೆದು ಕಲಿಯುವುದು ಎಷ್ಟೋ ಮೇಲು. ಆದರೆ ಅಭ್ಯಾಸದ ಲೆಕ್ಕ ತಾನಾಗಿಯೇ ನಿಜ ಹೇಳುವುದಿಲ್ಲ. ನಿಜ ಹೇಳುವಂತೆ ಅದನ್ನು ಕಟ್ಟಬೇಕು. ಅವನ ಹದಿನಾಲ್ಕು ವ್ಯವಹಾರಗಳನ್ನು ಸಂಜೆಯವರೆಗೆ ಒಂದೊಂದಾಗಿ ಮತ್ತೆ ಬರೆದೆವು. ಅಲ್ಲಿ ಕಂಡದ್ದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಅತಿ ದೊಡ್ಡ ಲಾಭ ಒಂದೇ ಸಣ್ಣ ಕಂಪನಿಯ ಷೇರಿನಿಂದ ಬಂದಿತ್ತು. 105 ರೂಪಾಯಿಗೆ 300 ಷೇರು ಕೊಂಡು 121.50ಕ್ಕೆ ಮಾರಿದ್ದ, 4,950 ರೂಪಾಯಿ. ಅಂದರೆ ಒಟ್ಟು ಲಾಭದ ಅರ್ಧಕ್ಕಿಂತ ಹೆಚ್ಚು. ಕೊಂಡ ದಿನ ಆ ಷೇರು ಅಪ್ಪರ್ ಸರ್ಕ್ಯೂಟ್‌ನಲ್ಲಿತ್ತು. ಸರ್ಕ್ಯೂಟ್ ಎಂದರೆ ಒಂದು ಷೇರಿನ ಬೆಲೆ ಒಂದು ದಿನದಲ್ಲಿ ಎಷ್ಟು ಏರಬಹುದು, ಎಷ್ಟು ಇಳಿಯಬಹುದು ಎಂದು ಷೇರು ವಿನಿಮಯ ಕೇಂದ್ರ, ಅಂದರೆ ಷೇರು ಕೊಳ್ಳುವ ಮಾರುವ ಪೇಟೆ, ಹಾಕಿಟ್ಟ ಮಿತಿ. ಷೇರಿಗೆ ತಕ್ಕಂತೆ ಶೇ. 2, 5, 10 ಅಥವಾ 20 ಇರುತ್ತದೆ. ಈ ಷೇರಿಗೆ ಇದ್ದದ್ದು ಶೇ. 5. ಹಿಂದಿನ ದಿನ 100 ರೂಪಾಯಿ ಇದ್ದದ್ದು ಬೆಳಿಗ್ಗೆಯೇ 105ಕ್ಕೆ ಮುಟ್ಟಿ ನಿಂತಿತು. ಮರುದಿನ 110.25, ಅದರ ಮರುದಿನ 115.75, ನಾಲ್ಕನೆಯ ದಿನ 121.50.

ಹೀಗೆ ಮಿತಿಗೆ ಮುಟ್ಟಿ ನಿಂತ ಷೇರಿಗೆ ಕೊಳ್ಳುವವರ ಸಾಲು ಉದ್ದ ಇರುತ್ತದೆ, ಮಾರುವವರ ಜಾಗ ಖಾಲಿ. ನಾಳೆ ಇನ್ನೂ ಐದು ರೂಪಾಯಿ ಹೆಚ್ಚು ಸಿಗುವುದಾದರೆ ಇಂದು ಯಾರು ಮಾರುತ್ತಾರೆ? ನಿಜವಾದ ಆರ್ಡರ್ ಹಾಕಿದ್ದರೆ ಅವನು ಆ ಸಾಲಿನ ಕೊನೆಯಲ್ಲಿ ನಿಂತು ಮಧ್ಯಾಹ್ನ 3:30ಕ್ಕೆ ಪೇಟೆ ಮುಚ್ಚುವಾಗ ಬರಿಗೈಯಲ್ಲಿ ಮರಳುತ್ತಿದ್ದ. ಪರದೆಯ ಮೇಲೆ ಮಾತ್ರ 105 ಎಂಬ ಅಂಕಿ ಕಾಣುತ್ತಿತ್ತು, ಅದನ್ನೇ ಬರೆದುಕೊಂಡ. ಆ 4,950ನ್ನು ಹೊಡೆದುಹಾಕಿದೆವು. ಹುಡುಗನ ಮುಖ ಸಪ್ಪಗಾಯಿತು. ಆದರೆ ಅವನು ವಾದಿಸಲಿಲ್ಲ. ಅದು ನನಗೆ ಇಷ್ಟವಾಯಿತು.

ಪರದೆಯಲ್ಲಿ ಕಾಣುವ ಬೆಲೆ ಎಂದರೇನು ಎಂಬುದೇ ಇಲ್ಲಿರುವ ಮುಖ್ಯ ಪ್ರಶ್ನೆ. ನಮ್ಮ ಕಡೆಯವರಿಗೆ ಅಡಿಕೆಯ ಧಾರಣೆಯಿಂದ ಇದನ್ನು ಹೇಳುವುದು ಸುಲಭ. ಪತ್ರಿಕೆಯಲ್ಲಿ ಹೊಸ ಅಡಿಕೆಗೆ ಇಂತಿಷ್ಟು, ಹಳೆ ಅಡಿಕೆಗೆ ಇಂತಿಷ್ಟು ಎಂದು ಅಚ್ಚಾಗಿರುತ್ತದೆ. ಅದು ನಿನ್ನೆ ಎಲ್ಲೋ ಯಾರೋ ಮಾಡಿದ ವ್ಯಾಪಾರದ ದರ. ನೀವು ಗೋಣಿ ಹೊತ್ತು ಅಂಗಡಿಗೆ ಹೋದಾಗ ವ್ಯಾಪಾರಿ ಕೊಡುವ ದರ ಬೇರೆ. ಅದೇ ಗೋಣಿಯನ್ನು ಅವನಿಂದ ಕೊಳ್ಳಲು ಹೋದರೆ ಅವನು ಹೇಳುವ ದರ ಮತ್ತೂ ಬೇರೆ. ಷೇರಿನಲ್ಲೂ ಹೀಗೆಯೇ ಮೂರು ಬೆಲೆಗಳಿವೆ. ಕೊನೆಯದಾಗಿ ವಹಿವಾಟು ನಡೆದ ಬೆಲೆ ಒಂದು, ಕೊಳ್ಳುವವರು ಕೊಡಲು ಸಿದ್ಧರಿರುವ ಬೆಲೆ ಇನ್ನೊಂದು, ಮಾರುವವರು ಕೇಳುತ್ತಿರುವ ಬೆಲೆ ಮತ್ತೊಂದು. ಎರಡನೆಯದು ಬಿಡ್, ಮೂರನೆಯದು ಆಸ್ಕ್. ಆ್ಯಪ್‌ನಲ್ಲಿ ದೊಡ್ಡದಾಗಿ ಕಾಣುವುದು ಮೊದಲನೆಯದು. ಆದರೆ ನೀವು ತಕ್ಷಣ ಕೊಳ್ಳುವುದಾದರೆ ಕೊಡಬೇಕಾದದ್ದು ಆಸ್ಕ್, ಮಾರುವುದಾದರೆ ಸಿಗುವುದು ಬಿಡ್.

ದೇಶದ ಎರಡು ದೊಡ್ಡ ವಿನಿಮಯ ಕೇಂದ್ರಗಳಾದ ಎನ್‌ಎಸ್‌ಇ ಮತ್ತು ಬಿಎಸ್‌ಇ ಜಾಲತಾಣಗಳಲ್ಲಿ ಯಾವುದೇ ಕಂಪನಿಯ ಪುಟ ತೆರೆದರೆ ಕೊಳ್ಳುವವರ ಐದು ಸಾಲು, ಮಾರುವವರ ಐದು ಸಾಲು ಉಚಿತವಾಗಿ ಕಾಣುತ್ತವೆ. ಮಾರ್ಕೆಟ್ ಡೆಪ್ತ್ ಎಂದರೆ ಇದೇ. ಹೊಸಬರು ಚಾರ್ಟ್ ನೋಡುವ ಅರ್ಧದಷ್ಟು ಹೊತ್ತು ಈ ಹತ್ತು ಸಾಲುಗಳನ್ನು ನೋಡಿದರೂ ಸಾಕು ಎಂಬುದು ನನ್ನ ಅಭಿಪ್ರಾಯ. ಒಂದು ಉದಾಹರಣೆ ಹಾಕಿ ನೋಡಿ. ಷೇರಿನ ಬೆಲೆ 84.10 ಎಂದು ಕಾಣುತ್ತಿದೆ, ನೀವು 1,000 ಷೇರು ಕೊಳ್ಳಬೇಕು. ಮಾರುವವರ ಸಾಲಿನಲ್ಲಿ 84.10ಕ್ಕೆ ಇರುವುದು 50 ಷೇರು ಮಾತ್ರ. ಆಮೇಲೆ 84.60ಕ್ಕೆ 150, 85.25ಕ್ಕೆ 300, 86ಕ್ಕೆ 500. ಎಲ್ಲ ಸೇರಿ ನೀವು ಕೊಡುವುದು 85,470 ರೂಪಾಯಿ, ಅಂದರೆ ಷೇರಿಗೆ 85.47. ಅಭ್ಯಾಸದ ಪುಸ್ತಕದಲ್ಲಿ 84.10 ಎಂದು ಬರೆದರೆ 1,370 ರೂಪಾಯಿಯ ಸುಳ್ಳು ಅಲ್ಲಿಯೇ ಹೊಕ್ಕಿತು. ದೊಡ್ಡ ಕಂಪನಿಗಳಲ್ಲಿ ಈ ಅಂತರ ಪೈಸೆಗಳಲ್ಲಿರುತ್ತದೆ, ಸಣ್ಣವುಗಳಲ್ಲಿ ಲಾಭವನ್ನೇ ನುಂಗುತ್ತದೆ.

ತಡವಾಗಿ ಬರುವ ಬೆಲೆಯದು ಇನ್ನೊಂದು ತೊಂದರೆ. ಹುಡುಗ ತನ್ನ ಲೆಕ್ಕವನ್ನು ಗೂಗಲ್ ಶೀಟ್ಸ್‌ನಲ್ಲಿ ಇಟ್ಟಿದ್ದ. ಅಲ್ಲಿ ಗೂಗಲ್ ಫೈನಾನ್ಸ್ ಎಂಬ ಸೂತ್ರ ಹಾಕಿ ಎನ್‌ಎಸ್‌ಇಯ ಸಂಕೇತ ಬರೆದರೆ ಷೇರಿನ ಬೆಲೆ ತಾನಾಗಿ ಬಂದು ಕೂರುತ್ತದೆ. ಬಹಳ ಉಪಯೋಗದ ಸಾಧನ, ನಾನೂ ಬಳಸುತ್ತೇನೆ. ಆದರೆ ಆ ಬೆಲೆ 20 ನಿಮಿಷದವರೆಗೆ ತಡವಾಗಿರಬಹುದು ಎಂದು ಗೂಗಲ್ ತಾನೇ ಹೇಳಿದೆ. ಸಂಜೆ ಲೆಕ್ಕ ಸರಿಹೊಂದಿಸಲು ಅದು ಸಾಕು. ಬೆಳಿಗ್ಗೆ 9:30ಕ್ಕೆ ಅದನ್ನು ನೋಡಿ "ಕೊಂಡೆ" ಎಂದು ಬರೆದರೆ ಕಳೆದುಹೋದ ಬೆಲೆಗೆ ಕೊಂಡಂತೆ. ಹದಿನಾಲ್ಕರಲ್ಲಿ ನಾಲ್ಕು ಹೀಗೆಯೇ ಆಗಿದ್ದವು. ಸರಿಯಾದ ಬೆಲೆ ಹಾಕಿದಾಗ ಮತ್ತೆ 900 ರೂಪಾಯಿ ಹೋಯಿತು.

ತರಗತಿ, ಕೆಲಸ, ಅಂಗಡಿ ಅಂತ ಇರುವವರಿಗೆ ನಾನು ಹೇಳುವ ಕ್ರಮ ಬೇರೆ. ಪೇಟೆ ನಡೆಯುವ ಹೊತ್ತಿನಲ್ಲಿ, ಅಂದರೆ 9:15ರಿಂದ 3:30ರವರೆಗೆ, ಫೋನ್ ನೋಡುವುದೇ ಬೇಡ. ರಾತ್ರಿ ಕೂತು ನಾಳೆ ಯಾವ ಷೇರನ್ನು ಎಷ್ಟು ಬೆಲೆಗೆ ಕೊಳ್ಳಬೇಕು ಎಂದು ಬರೆದಿಡಿ. ಮರುದಿನ ಸಂಜೆ ವಿನಿಮಯ ಕೇಂದ್ರದ ಭಾವ್‌ಕಾಪಿ ಇಳಿಸಿಕೊಳ್ಳಿ. ಆ ದಿನ ವಹಿವಾಟಾದ ಪ್ರತಿಯೊಂದು ಷೇರಿನ ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯದ ಬೆಲೆ ಮತ್ತು ಎಷ್ಟು ಷೇರು ಕೈಬದಲಾಯಿತು ಎಂಬ ಪಟ್ಟಿ ಅದು. ಉಚಿತ, ಅಧಿಕೃತ. ಅದರ ಜತೆ ನಿಮ್ಮ ಬರಹವನ್ನು ತಾಳೆ ನೋಡಿ.

ತಾಳೆ ನೋಡುವಾಗ ನಮ್ಮ ಮೇಲೆ ನಾವೇ ಸ್ವಲ್ಪ ಕಠಿಣವಾಗಿರಬೇಕು. 200 ರೂಪಾಯಿಗೆ ಕೊಳ್ಳುತ್ತೇನೆ ಎಂದು ಬರೆದಿದ್ದೀರಿ, ಆ ದಿನದ ಕನಿಷ್ಠ ಬೆಲೆಯೂ ಸರಿಯಾಗಿ 200. ಸಿಕ್ಕಿತು ಎಂದು ಬರೆಯಬೇಡಿ. ಆ ಬೆಲೆಯಲ್ಲಿ ನಿಮ್ಮ ಮುಂದೆ ಸಾಲಿನಲ್ಲಿ ಯಾರೆಲ್ಲ ಇದ್ದರೋ ಗೊತ್ತಿಲ್ಲ. ಬೆಲೆ 200ಕ್ಕಿಂತ ಕೆಳಗೆ ಇಳಿದಿದ್ದರೆ ಮಾತ್ರ ಸಿಕ್ಕಿತು. ಸ್ಟಾಪ್ ಲಾಸ್, ಅಂದರೆ ಇಷ್ಟಕ್ಕೆ ಇಳಿದರೆ ಮಾರಿಬಿಡುತ್ತೇನೆ ಎಂದು ಮೊದಲೇ ಗೊತ್ತುಮಾಡಿದ ಬೆಲೆ, 190ಕ್ಕೆ ಇಟ್ಟಿದ್ದೀರಿ, ಬೆಳಿಗ್ಗೆ ಷೇರು 184ಕ್ಕೆ ತೆರೆಯಿತು ಎಂದಾದರೆ ನೀವು ಹೊರಬಂದದ್ದು 184ಕ್ಕೆ, 190ಕ್ಕೆ ಅಲ್ಲ. ಎಷ್ಟೋ ಅಭ್ಯಾಸದ ಪುಸ್ತಕಗಳು ಇಲ್ಲಿಯೇ ತಪ್ಪುತ್ತವೆ. ಒಂದೇ ದಿನ ನಿಮ್ಮ ಸ್ಟಾಪ್ ಲಾಸ್ ಮತ್ತು ಲಾಭದ ಗುರಿ ಎರಡನ್ನೂ ಬೆಲೆ ಮುಟ್ಟಿದೆ, ಯಾವುದು ಮೊದಲು ಎಂದು ತಿಳಿಯುವ ದಾರಿಯಿಲ್ಲ ಎಂದಾದರೆ ನಷ್ಟವೇ ಮೊದಲು ಬಂತು ಎಂದು ಬರೆಯಿರಿ. ಇಷ್ಟು ಕಠಿಣವಾಗಿಟ್ಟ ಲೆಕ್ಕದಲ್ಲೂ ಲಾಭ ಉಳಿದರೆ ಅದಕ್ಕೆ ಬೆಲೆ ಉಂಟು.

ಖರ್ಚಿನ ವಿಷಯ ಬೇಗ ಮುಗಿಸುತ್ತೇನೆ. ಷೇರು ಕೊಂಡು ಡಿಮ್ಯಾಟ್ ಖಾತೆಗೆ (ಷೇರು ಇಟ್ಟುಕೊಳ್ಳುವ ಖಾತೆ) ತಂದುಕೊಳ್ಳುವ ಡೆಲಿವರಿ ವ್ಯವಹಾರದಲ್ಲಿ ಕೊಳ್ಳುವಾಗ ಶೇ. 0.1, ಮಾರುವಾಗ ಶೇ. 0.1 ಎಸ್‌ಟಿಟಿ, ಅಂದರೆ ಷೇರು ವಹಿವಾಟಿನ ತೆರಿಗೆ, ಇದೆ. ಕೊಳ್ಳುವಾಗ ಶೇ. 0.015 ಮುದ್ರಾಂಕ ಶುಲ್ಕ. ಮಾರಿದಾಗ ಡಿಪಿ ಶುಲ್ಕ, ಅಂದರೆ ಡಿಮ್ಯಾಟ್ ಖಾತೆಯಿಂದ ಷೇರು ಹೊರಹೋಗುವುದಕ್ಕೆ ಕೊಡುವ ಶುಲ್ಕ. ಡೆಲಿವರಿಗೆ ಕೆಲವು ಬ್ರೋಕರ್‌ಗಳು ಬ್ರೋಕರೇಜ್ ತೆಗೆದುಕೊಳ್ಳುವುದಿಲ್ಲ, ಕೆಲವರು ಆರ್ಡರಿಗೆ ಇಂತಿಷ್ಟು ಎಂದು ತೆಗೆದುಕೊಳ್ಳುತ್ತಾರೆ. ಅದರ ಮೇಲೆ ಶೇ. 18 ಜಿಎಸ್‌ಟಿ. 25,000 ರೂಪಾಯಿಯ ಷೇರನ್ನು ಕೊಂಡು ಮಾರುವಾಗ, ಆರ್ಡರಿಗೆ 20 ರೂಪಾಯಿ ಬ್ರೋಕರೇಜ್ ಇದ್ದರೆ, ಎಲ್ಲ ಸೇರಿ ಸುಮಾರು 120 ರೂಪಾಯಿ ಆಗುತ್ತದೆ. ಉಳಿದ ಹದಿಮೂರು ವ್ಯವಹಾರಗಳಿಗೆ ಹಾಗೆಯೇ ಹಾಕಿದೆವು, 1,560 ಹೋಯಿತು. ಹುಡುಗನ ಲಾಭ ಈಗ 2,230. ಒಂದು ವರ್ಷದೊಳಗೆ ಮಾರಿದ ಲಾಭಕ್ಕೆ 2024ರ ಜುಲೈ 23ರಿಂದ ಶೇ. 20 ತೆರಿಗೆ ಇದೆ. ಆ ಲಾಭ ಲೆಕ್ಕಹಾಕುವಾಗ ಎಸ್‌ಟಿಟಿಯನ್ನು ಖರ್ಚೆಂದು ಕಳೆಯುವಂತಿಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ.

ಈ 2,230ನ್ನೂ ಒಂದರ ಪಕ್ಕದಲ್ಲಿಟ್ಟು ನೋಡಬೇಕು. ಅದೇ ಎರಡು ತಿಂಗಳಲ್ಲಿ ನಿಫ್ಟಿ, ಅಂದರೆ 50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ, ಎಷ್ಟು ಏರಿತು? ಒಂದು ಲಕ್ಷವನ್ನು ನಿಫ್ಟಿಯ ಇಟಿಎಫ್‌ನಲ್ಲಿ (ಸೂಚ್ಯಂಕದ ಜತೆಗೇ ಏರಿಳಿಯುವ ನಿಧಿ) ಹಾಕಿ ಸುಮ್ಮನಿದ್ದಿದ್ದರೆ ಎಷ್ಟಾಗುತ್ತಿತ್ತು ಎಂಬ ಒಂದು ಸಾಲು ಶೀಟಿನಲ್ಲಿ ಮೊದಲ ದಿನದಿಂದಲೇ ಇರಲಿ. ಇಡೀ ಪೇಟೆ ಏರುವಾಗ ಯಾರ ಪುಸ್ತಕವೂ ಲಾಭ ತೋರಿಸುತ್ತದೆ.

ನಮ್ಮ ಜಿಲ್ಲೆಗಳವರು ಅಭ್ಯಾಸಕ್ಕೆ ಕೂತರೆ ಮೊದಲು ವಾಚ್‌ಲಿಸ್ಟಿಗೆ ಹಾಕುವುದು ಬ್ಯಾಂಕುಗಳನ್ನೇ. ಸಹಜ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್. ಮಂಗಳೂರಿನಲ್ಲಿ ಒಂದು ಷೇರು ವಿನಿಮಯ ಕೇಂದ್ರವೂ ಇತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. 2004ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಅದರ ಮಾನ್ಯತೆಯನ್ನು ನವೀಕರಿಸಲಿಲ್ಲ. ಈ ಐದು ಬ್ಯಾಂಕುಗಳ ಕಥೆಯಲ್ಲಿಯೇ ಆನ್‌ಲೈನ್ ಸಾಧನಗಳ ಎರಡು ದೊಡ್ಡ ಬಲೆಗಳು ಅಡಗಿವೆ.

ಮೊದಲನೆಯದು ಷೇರು ವಿಭಜನೆ. ಕೆನರಾ ಬ್ಯಾಂಕ್ 2024ರ ಮೇ 15ರಂದು ತನ್ನ 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು 2 ರೂಪಾಯಿಯ ಐದು ಷೇರುಗಳಾಗಿ ಒಡೆಯಿತು. ಅದಕ್ಕೆ ಮೊದಲು 550 ರೂಪಾಯಿಗೆ 100 ಷೇರು ಕೊಂಡೆ ಎಂದು ಶೀಟಿನಲ್ಲಿ ಬರೆದವನಿಗೆ ಬೆಳಗಾಗುವಷ್ಟರಲ್ಲಿ ಶೇ. 80 ನಷ್ಟ ಕಾಣಿಸುತ್ತದೆ. ನಷ್ಟ ಆಗಿಲ್ಲ, 100 ಇದ್ದಲ್ಲಿ 500 ಎಂದೂ 550 ಇದ್ದಲ್ಲಿ 110 ಎಂದೂ ತಿದ್ದಬೇಕು, ಅಷ್ಟೆ. ಚಾರ್ಟ್ ತೋರಿಸುವ ಜಾಲತಾಣಗಳು ಹಳೆಯ ಬೆಲೆಗಳನ್ನೂ ಐದರಿಂದ ಭಾಗಿಸಿ ತೋರಿಸುತ್ತವೆ. ಆದ್ದರಿಂದ ಇಂದು 2023ರ ಚಾರ್ಟ್ ತೆರೆದರೆ ಕಾಣುವ ಬೆಲೆ ಆ ವರ್ಷ ಯಾರೂ ಕೊಟ್ಟ ಬೆಲೆಯಲ್ಲ. ಕಂಪನಿ ಇದ್ದ ಷೇರಿಗೆ ಉಚಿತವಾಗಿ ಕೊಡುವ ಬೋನಸ್ ಷೇರು ಬಂದಾಗಲೂ ಇದೇ ಕಥೆ.

ಎರಡನೆಯದು ಇನ್ನೂ ಸೂಕ್ಷ್ಮ. "ಹತ್ತು ವರ್ಷದ ಹಿಂದಿನಿಂದ ನನ್ನ ವಿಧಾನವನ್ನು ಪರೀಕ್ಷಿಸಿ ನೋಡಿದೆ, ಎಲ್ಲ ಬ್ಯಾಂಕ್ ಷೇರುಗಳಲ್ಲೂ ಲಾಭ ಬಂತು" ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಪ್ರಶ್ನೆ, ಯಾವ ಬ್ಯಾಂಕುಗಳು? ಇಂದು ಪರದೆಯಲ್ಲಿ ಹುಡುಕಿದರೆ ಸಿಗುವವು ತಾನೆ? ಇಲ್ಲಿ ಹುಟ್ಟಿದ ಆ ಐದರಲ್ಲಿ ಇಂದು ತಮ್ಮ ಹೆಸರಿನಲ್ಲಿ ವಹಿವಾಟಾಗುವುದು ಎರಡು ಮಾತ್ರ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಅದರ 1,000 ಷೇರಿಗೆ ಬರೋಡಾದ 402 ಷೇರು ಸಿಕ್ಕಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಹೋಯಿತು, 1,000ಕ್ಕೆ 158. ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ, 1,000ಕ್ಕೆ 330. ಇಂದಿನ ಪಟ್ಟಿಯಿಂದ ಆರಿಸಿ ಹಿಂದಕ್ಕೆ ಹೋಗುವ ಪರೀಕ್ಷೆಗೆ ಈ ಮೂರು ಕಾಣುವುದೇ ಇಲ್ಲ. ಉಳಿದವರನ್ನು ಮಾತ್ರ ಕೇಳಿ ಊರಿನ ಆರೋಗ್ಯ ಹೇಳಿದ ಹಾಗೆ. ಉಡುಪಿಯ ಎಷ್ಟೋ ಮನೆಗಳ ಕಪಾಟಿನಲ್ಲಿ ಆ ಹಳೆಯ ಷೇರುಪತ್ರಗಳು ಇನ್ನೂ ಇವೆ. ಚಾರ್ಟ್ ಮರೆತದ್ದನ್ನು ಅವು ಮರೆತಿಲ್ಲ.

ಊರಿನ ಕಂಪನಿ ಎಂಬ ಪ್ರೀತಿಯ ಬಗ್ಗೆಯೂ ಒಂದು ಮಾತು. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನ ಚಿಮಣಿ ಸುರತ್ಕಲ್ ಕಡೆಯವರಿಗೆ ದಿನಾ ಕಾಣುತ್ತದೆ. ಕಚ್ಚಾತೈಲದ ಬೆಲೆ ಇಳಿದರೆ ಅದಕ್ಕೆ ಲಾಭ ಎಂದು ಹುಡುಗ ಬರೆದಿದ್ದ. ಸಂಸ್ಕರಣಾಗಾರದ ಲಾಭ ನಿಂತಿರುವುದು ಕಚ್ಚಾತೈಲದ ಬೆಲೆಗೂ ಅದರಿಂದ ತೆಗೆದ ಪೆಟ್ರೋಲ್, ಡೀಸೆಲ್ ಬೆಲೆಗೂ ಇರುವ ಅಂತರದ ಮೇಲೆ. ಕಚ್ಚಾತೈಲ ದಿಢೀರನೆ ಇಳಿದರೆ ಮೊದಲೇ ಕೊಂಡು ಟ್ಯಾಂಕಿನಲ್ಲಿಟ್ಟ ದಾಸ್ತಾನಿನ ಮೇಲೆ ನಷ್ಟವೂ ಆಗಬಹುದು. ಇದು ಬೆಲೆಯ ಚಾರ್ಟಿನಲ್ಲಿ ಸಿಗದು. ಕಂಪನಿಗಳು ಮೂರು ತಿಂಗಳಿಗೊಮ್ಮೆ ಕೊಡುವ ಫಲಿತಾಂಶ ವಿನಿಮಯ ಕೇಂದ್ರದ ಜಾಲತಾಣದಲ್ಲಿ ಪ್ರಕಟಣೆಗಳ ವಿಭಾಗದಲ್ಲಿ ಮೊದಲು ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸುದ್ದಿಯನ್ನು ಅಲ್ಲಿಗೆ ಹೋಗಿ ತಾಳೆ ನೋಡುವ ಅಭ್ಯಾಸವೂ ಕಲಿಕೆಯ ಭಾಗವೇ.

ಇನ್ನು ಆ್ಯಪ್‌ಗಳ ವಿಷಯ. ಇಲ್ಲಿ ನಾನು ಸ್ವಲ್ಪ ನಿಷ್ಠುರವಾಗಿಯೇ ಮಾತಾಡುತ್ತೇನೆ. ಅಭ್ಯಾಸದ ಆಟ ಎಂದು ಪ್ರವೇಶ ಶುಲ್ಕ ತೆಗೆದುಕೊಂಡು, ಹೆಚ್ಚು ಲಾಭ ತೋರಿಸಿದವರಿಗೆ ಬಹುಮಾನ ಕೊಡುವ ಆ್ಯಪ್‌ಗಳು ಬಂದಿದ್ದವು. 2024ರ ಮೇ ತಿಂಗಳಲ್ಲಿ ಸೆಬಿ ಒಂದು ಸುತ್ತೋಲೆ ಹೊರಡಿಸಿ, ಷೇರುಗಳ ಆ ಕ್ಷಣದ ಬೆಲೆಯನ್ನು ಇಂತಹ ಆಟಗಳಿಗೆ ಕೊಡಬಾರದು, ಶಿಕ್ಷಣಕ್ಕಾದರೆ ಒಂದು ದಿನ ತಡಮಾಡಿ ಕೊಡಬಹುದು ಎಂದಿತು. ಅದೇ ವರ್ಷದ ನವೆಂಬರ್‌ನಲ್ಲಿ, ಅನುಮತಿ ಇಲ್ಲದ ವೇದಿಕೆಗಳು ನಡೆಸುವ ವರ್ಚುವಲ್ ಟ್ರೇಡಿಂಗ್, ಪೇಪರ್ ಟ್ರೇಡಿಂಗ್, ಫ್ಯಾಂಟಸಿ ಆಟಗಳಿಂದ ದೂರವಿರಿ ಎಂದು ಜನರನ್ನು ಎಚ್ಚರಿಸಿತು. ಅಲ್ಲಿ ಮೋಸವಾದರೆ ಹೂಡಿಕೆದಾರರಿಗಿರುವ ರಕ್ಷಣೆ ಸಿಗುವುದಿಲ್ಲ. ನಿಮ್ಮದೇ ಶೀಟು, ಭಾವ್‌ಕಾಪಿ, ವಿನಿಮಯ ಕೇಂದ್ರದ ಪುಟ ಇವು ಮೂರಿದ್ದರೆ ಅಂತಹ ಆ್ಯಪ್ ಬೇಕಾಗಿಯೂ ಇಲ್ಲ.

ಇನ್ನೂ ಕೆಟ್ಟದ್ದು ನಕಲಿ ಟ್ರೇಡಿಂಗ್ ಆ್ಯಪ್. ಯಾರೋ ಒಂದು ಗುಂಪಿಗೆ ಸೇರಿಸುತ್ತಾರೆ, ಲಿಂಕ್ ಕಳಿಸುತ್ತಾರೆ, ಹಣ ಹಾಕಿಸುತ್ತಾರೆ, ಪರದೆಯ ಮೇಲೆ ಲಾಭ ದಿನದಿನಕ್ಕೆ ಏರುತ್ತದೆ. ಯೋಚಿಸಿ ನೋಡಿದರೆ ಅದೂ ಪೇಪರ್ ಟ್ರೇಡಿಂಗೇ. ಒಳಗೆ ಒಂದು ಷೇರೂ ಇಲ್ಲ, ಬರೇ ಅಂಕಿ. ಹಾಕಿದ ಹಣ ಮಾತ್ರ ನಿಜ. ಹಣ ವಾಪಸ್ ಕೇಳಿದಾಗ ತೆರಿಗೆ ಕಟ್ಟಿ, ಶುಲ್ಕ ಕಟ್ಟಿ ಎಂದು ಮತ್ತಷ್ಟು ಕೀಳುತ್ತಾರೆ. ನೀವು ಕೊಂಡ ಷೇರು ನಿಮ್ಮ ಡಿಮ್ಯಾಟ್‌ನಲ್ಲಿ ಉಂಟೇ ಎಂದು ಷೇರುಗಳ ದಾಖಲೆ ಇಡುವ ಸಿಡಿಎಸ್‌ಎಲ್ ಅಥವಾ ಎನ್‌ಎಸ್‌ಡಿಎಲ್ ಕಳಿಸುವ ವಿವರದಲ್ಲಿಯೇ ನೋಡಬೇಕು, ಆ್ಯಪ್‌ನ ಪರದೆಯಲ್ಲಿ ಅಲ್ಲ. 2025ರ ಅಕ್ಟೋಬರ್‌ನಿಂದ ಸೆಬಿಯಲ್ಲಿ ನೋಂದಾಯಿತರಾದ ಬ್ರೋಕರ್‌ಗಳಿಗೆ ಬೇರೆಯೇ ಯುಪಿಐ ವಿಳಾಸ ಕೊಡುವ ವ್ಯವಸ್ಥೆ ಬಂದಿದೆ. ಅದರಲ್ಲಿ 'ವ್ಯಾಲಿಡ್' ಎಂಬ ಪದ ಇರುತ್ತದೆ. ಯಾರದೋ ವೈಯಕ್ತಿಕ ಖಾತೆಗೆ ಹಣ ಹಾಕಲು ಹೇಳಿದರೆ ಅಲ್ಲಿಗೆ ನಿಲ್ಲಿಸಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

"ಡೆಲಿವರಿ ನಿಧಾನ ಆಯ್ತು ಮಾವ, ಇಂಟ್ರಾಡೇ ಅಭ್ಯಾಸ ಮಾಡಿದರೆ?" ಎಂದು ಹುಡುಗ ಕೇಳಿದ. ಇಂಟ್ರಾಡೇ ಎಂದರೆ ಒಂದೇ ದಿನದೊಳಗೆ ಕೊಂಡು ಮಾರುವುದು. ಅವನಿಗೆ ಎರಡು ಅಂಕಿ ಹೇಳಿದೆ. 2022-23ರಲ್ಲಿ ಷೇರುಗಳಲ್ಲಿ ಇಂಟ್ರಾಡೇ ಮಾಡಿದ ವ್ಯಕ್ತಿಗಳಲ್ಲಿ ಹತ್ತರಲ್ಲಿ ಏಳು ಮಂದಿ ಹಣ ಕಳೆದುಕೊಂಡರು ಎಂದು ಸೆಬಿಯ ಅಧ್ಯಯನ ಹೇಳುತ್ತದೆ. ಎಫ್ ಅಂಡ್ ಓ, ಅಂದರೆ ಷೇರಿನ ಮುಂದಿನ ಬೆಲೆಯ ಮೇಲೆ ಮಾಡುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಒಪ್ಪಂದಗಳಲ್ಲಿ, 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಶೇ. 93 ಮಂದಿಗೆ ನಷ್ಟ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ನಿಮಿಷಗಳ ಲೆಕ್ಕದ ವ್ಯವಹಾರವನ್ನು ತಡವಾದ ಬೆಲೆಯಲ್ಲಿ ಅಭ್ಯಾಸ ಮಾಡಲೂ ಆಗುವುದಿಲ್ಲ.

ಆ ಸಂಜೆ ಅವನ ಶೀಟಿಗೆ ಎರಡು ಕಾಲಂ ಸೇರಿಸಿದೆವು. "ಏಕೆ ಕೊಳ್ಳುತ್ತಿದ್ದೇನೆ" ಎಂಬುದು ಒಂದು, "ಏನಾದರೆ ನಾನು ತಪ್ಪು" ಎಂಬುದು ಇನ್ನೊಂದು. ಎರಡನ್ನೂ ಕೊಳ್ಳುವ ಮೊದಲೇ ಬರೆಯಬೇಕು, ಆಮೇಲೆ ತಿದ್ದಬಾರದು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರುಮಾಡಿದ ಪಿಗ್ಮಿಯವರು ದಿನಾ ಮನೆಬಾಗಿಲಿಗೆ ಬಂದು ಕಾಸು ತೆಗೆದುಕೊಂಡು ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ ಹಾಗೆ, ದಿನಕ್ಕೆ ಹತ್ತು ನಿಮಿಷ. ಮೂವತ್ತು ನಲವತ್ತು ವ್ಯವಹಾರ ಆದ ಮೇಲೆ ಆ ಎರಡು ಕಾಲಂ ಓದಿದರೆ ಯಾವ ಕಾರಣಕ್ಕೆ ಕೊಂಡಾಗ ಗೆದ್ದೆ, ಯಾವುದು ಬರೇ ಅದೃಷ್ಟ ಎಂದು ಕಾಣತೊಡಗುತ್ತದೆ.

ಅವನು ಇನ್ನೂ ನಾಲ್ಕು ತಿಂಗಳು ಬರೆದ. ಆಮೇಲೆ ನಿಜವಾದ ಹಣದಲ್ಲಿ ಒಂದು ಕಂಪನಿಯ ಐದೇ ಐದು ಷೇರು ಕೊಂಡ. ಎರಡು ದಿನದ ನಂತರ ಬೆಳಿಗ್ಗೆ ಹನ್ನೊಂದಕ್ಕೆ, ತರಗತಿಯ ಮಧ್ಯದ ಬಿಡುವಿನಲ್ಲಿ, ಫೋನ್ ಬಂತು. "ಮಾವ, ಮೂರು ರೂಪಾಯಿ ಇಳಿದಿದೆ, ಮಾರಲಾ?" ಒಟ್ಟು ಹದಿನೈದು ರೂಪಾಯಿ. ಆರು ತಿಂಗಳ ಅಭ್ಯಾಸದಲ್ಲಿ ಸಾವಿರಗಟ್ಟಲೆ ಹೋದ ದಿನಗಳಲ್ಲೂ ಅವನು ಒಮ್ಮೆಯೂ ಕರೆ ಮಾಡಿರಲಿಲ್ಲ. "ಏನಾದರೆ ನಾನು ತಪ್ಪು" ಎಂಬಲ್ಲಿ ಏನು ಬರೆದಿದ್ದಿ, ಓದು ಅಂದೆ. ಓದಿದ. ಮೂರು ರೂಪಾಯಿಯ ಮಾತು ಅಲ್ಲಿರಲಿಲ್ಲ. "ಸರಿ ಮಾವ" ಎಂದು ಫೋನಿಟ್ಟ.